ಊರಿಗೆಲ್ಲ ಹೇಳಿದೆ, ಕೋರ್ಟಿಗೆ ಹೇಳಲಿಲ್ಲ

2023ರ ಜನವರಿಯಲ್ಲಿ ಕೆಲಸ ಹೋದಾಗ ಆ ಸುದ್ದಿಯನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂದು ನಾನು ಬಹಳ ಲೆಕ್ಕ ಹಾಕಿದ್ದೆ. ಬ್ಯಾಂಕಿನವರಿಗೆ ಹೇಳಿದೆ, ಕಾರಿನ ಸಾಲದ ಕಂತು ಸ್ವಲ್ಪ ಮುಂದೆ ಹಾಕಲು ಆಗುತ್ತದೆಯೇ ಎಂದು ಕೇಳಲಿಕ್ಕೆ. ಮನೆ ಮಾಲೀಕರಿಗೆ ಹೇಳಿದೆ, ಈ ವರ್ಷ ಬಾಡಿಗೆ ಏರಿಸಬೇಡಿ ಎಂದು. ಮುಂಬಯಿಯ ಪವಾಯಿಯಲ್ಲಿರುವ ಗ್ಯಾಲರಿಯಾ ಹತ್ತಿರ ಚಹಾ ಕುಡಿಯುತ್ತ ಹಳೆಯ ಸಹೋದ್ಯೋಗಿಗಳಿಗೆ ಹೇಳಿದೆ, ಎಲ್ಲಾದರೂ ಜಾಗ ಖಾಲಿ ಇದ್ದರೆ ತಿಳಿಸಲಿ ಎಂದು. ಪವಾಯಿಯಲ್ಲಿ ಆ ಚಳಿಗಾಲ ಇಂಥ ಮಾತು ಎಲ್ಲ ಮೇಜುಗಳಲ್ಲೂ ಇತ್ತು. ಸ್ಟಾರ್ಟಪ್‌ಗಳಿಗೆ ಬರುತ್ತಿದ್ದ ಬಂಡವಾಳ ಬತ್ತಿ, ಒಂದೊಂದು ಕಂಪನಿಯೂ ಜನರನ್ನು ಇಳಿಸುತ್ತಿತ್ತು. ಊರಲ್ಲಿದ್ದ ಅಮ್ಮನಿಗೂ ಕೊನೆಗೆ ಹೇಳಿದೆ. ವಿಚ್ಛೇದನವಾದ ಹೆಂಡತಿಗೆ ಫೋನಿನಲ್ಲಿ ಹೇಳಿದೆ. ಹೇಳಲೇಬೇಕಾಗಿದ್ದ ಒಂದು ಜಾಗ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಅದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಫ್ಯಾಮಿಲಿ ಕೋರ್ಟು.

ನಮ್ಮ ವಿಚ್ಛೇದನ ಆದದ್ದು 2021ರಲ್ಲಿ, ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಡಿ, ಇಬ್ಬರ ಒಪ್ಪಿಗೆಯಿಂದ. ಮುಂಬಯಿಯ ವಕೀಲರು ‘ಕನ್ಸೆಂಟ್ ಟರ್ಮ್ಸ್’ ಎಂದು ಕರೆಯುವ ಒಪ್ಪಂದ ಪತ್ರದಲ್ಲಿ ಮಗಳಿಗೆ ತಿಂಗಳಿಗೆ 25,000 ರೂಪಾಯಿ, ಅವಳ ತಾಯಿಗೆ 15,000 ಎಂದು ಬರೆದಿತ್ತು. ಅದರ ಕೊನೆಯಲ್ಲಿ ಒಂದು ಷರತ್ತೂ ಇತ್ತು. ಇಬ್ಬರಲ್ಲಿ ಯಾರ ಆದಾಯ ಹೇಳಿಕೊಳ್ಳುವಷ್ಟು ಏರಿದರೂ ಇಳಿದರೂ ಒಂದು ತಿಂಗಳೊಳಗೆ ಇನ್ನೊಬ್ಬರಿಗೆ ದಾಖಲೆ ಸಮೇತ ಬರೆದು ತಿಳಿಸಬೇಕು. ಮೊತ್ತ ಬದಲಾಗುವುದಿದ್ದರೆ ಕೋರ್ಟಿನ ಮೂಲಕವೇ ಬದಲಾಗಬೇಕು. ಸಹಿ ಹಾಕುವ ಮೊದಲು ಆ ಷರತ್ತನ್ನು ನಾನು ಓದಿದ್ದೆ. ನಾಳೆ ಅವಳಿಗೆ ಕೆಲಸ ಸಿಕ್ಕರೆ ನನಗೆ ಗೊತ್ತಾಗಬೇಕಲ್ಲ, ಒಳ್ಳೆಯದೇ ಆಯಿತು ಎಂದುಕೊಂಡು ಓದಿದ್ದೆ.

ಅವಳಿಗೆ ಕೆಲಸ ಸಿಕ್ಕಿತು ಕೂಡ. 2022ರಲ್ಲಿ ಮುಲುಂಡಿನ ಒಂದು ಶಾಲೆಯಲ್ಲಿ ಶಿಕ್ಷಕಿಯಾಗಿ ಸೇರಿದಳು. ನೇಮಕಾತಿ ಪತ್ರದ ಪ್ರತಿ ಸಂಬಳದ ವಿವರದೊಂದಿಗೆ ನನ್ನ ಇಮೇಲಿಗೆ ತಾನಾಗಿ ಬಂತು. ನಾವಿಬ್ಬರೂ ಕೂಡಿ ಅರ್ಜಿ ಹಾಕಿ, ಅವಳ 15,000ವನ್ನು 5,000ಕ್ಕೆ ಇಳಿಸಿಕೊಂಡೆವು. ಮಗಳ ಮೊತ್ತ ಹಾಗೆಯೇ ಉಳಿಯಿತು. ಅಂದರೆ ಆದಾಯ ಬದಲಾದಾಗ ಏನು ಮಾಡಬೇಕು, ಯಾವ ಕೌಂಟರಿನಲ್ಲಿ ನಿಲ್ಲಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ದಾರಿಯಿಂದ ನನಗೆ ತಿಂಗಳಿಗೆ ಹತ್ತು ಸಾವಿರ ಉಳಿದಿತ್ತು. ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಹೇಳಿಕೊಳ್ಳುವ ಹಾಗೆಯೂ ಇಲ್ಲ.

ಕೆಲಸ ಹೋದ ಮೇಲೆ ಅವಳಿಗೆ ಫೋನ್ ಮಾಡಿ, “ಇನ್ನೊಂದು ಸಿಗುವವರೆಗೆ ಅರ್ಧ ಹಾಕ್ತೇನೆ” ಎಂದೆ.

“ಎಷ್ಟು ದಿನ ಆಗಬಹುದು?”

“ಹೇಗೆ ಹೇಳುವುದು? ಹುಡುಕ್ತಾ ಇದ್ದೇನೆ.”

“ಜೂನ್‌ನಲ್ಲಿ ಅವಳ ಫೀಸು ಕಟ್ಟಬೇಕು, ನೆನಪಿರಲಿ ನಿಮಗೆ,” ಎಂದಳು.

ರಾತ್ರಿ ಅದನ್ನೇ ವಾಟ್ಸ್ಯಾಪಿನಲ್ಲಿ ಬರೆದು ಕಳಿಸಿದೆ. ‘ಓಕೆ’ ಎಂದು ಉತ್ತರ ಬಂತು. ಅದರ ಸ್ಕ್ರೀನ್‌ಶಾಟ್ ತೆಗೆದು ಜೋಪಾನವಾಗಿ ಇಟ್ಟುಕೊಂಡೆ. ನನ್ನ ಮಟ್ಟಿಗೆ ಅದು ಆದೇಶದ ತಿದ್ದುಪಡಿಯೇ ಆಗಿತ್ತು. ಫೆಬ್ರವರಿಯಿಂದ 30,000ದ ಬದಲು 15,000 ಹೋಗತೊಡಗಿತು.

ಆ ಫೋನಿನಲ್ಲಿ ನಾನು ಹೇಳದೆ ಬಿಟ್ಟದ್ದೂ ಇದೆ. ಕಂಪನಿ ಬಿಡುವಾಗ ನೋಟಿಸ್ ಅವಧಿಯ ಸಂಬಳ, ಉಳಿದ ರಜೆಯ ಹಣ, ಜೊತೆಗೆ ಪರಿಹಾರವೆಂದು ಒಂದು ಮೊತ್ತ ಸೇರಿ ಒಳ್ಳೆಯ ಗಂಟೇ ಬಂದಿತ್ತು. ಸಾಕಿ ವಿಹಾರ್ ರಸ್ತೆಯಲ್ಲಿ ಕಚೇರಿಯಿದ್ದ ಗೆಳೆಯನೊಬ್ಬನಿಗೆ ಸಲಹೆಗಾರನಾಗಿ ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತಿದ್ದೆ, ಅದರ ಹಣವೂ ಬರುತ್ತಿತ್ತು. ಸಂಬಳ ಇಲ್ಲ ಎಂದು ಅವಳಿಗೆ ಹೇಳಿದ್ದು ನಿಜ. ಆದಾಯ ಇಲ್ಲ ಎಂದು ನಂಬಿಸಿದ್ದು ಸುಳ್ಳು.

ಆಗಸ್ಟಿನಲ್ಲಿ ಹೊಸ ಕೆಲಸ ಸಿಕ್ಕಿತು. ನಿಗದಿತ ಸಂಬಳವೇ ಹಿಂದಿನದಕ್ಕಿಂತ ಜಾಸ್ತಿ. ಅದರ ಮೇಲೆ ವರ್ಷಕ್ಕೊಮ್ಮೆ ಬರುವ ವೇರಿಯಬಲ್ ಪೇ, ಸೇರುವಾಗಿನ ಬೋನಸ್, ಕಂಪನಿಯ ಷೇರಿನ ಇಸಾಪ್. ಸೇರಿದ ದಿನವೇ ಲಿಂಕ್ಡ್‌ಇನ್‌ನಲ್ಲಿ ಹೊಸ ಹುದ್ದೆಯ ಹೆಸರು ಹಾಕಿ, ನೆರವಾದವರಿಗೆಲ್ಲ ಕೃತಜ್ಞತೆ ಹೇಳಿ, ಉದ್ದದ ಬರಹವೊಂದನ್ನು ಪ್ರಕಟಿಸಿದೆ. ಜೀವನಾಂಶ ಮಾತ್ರ ಅಕ್ಟೋಬರ್‌ವರೆಗೂ ಅರ್ಧವೇ ಹೋಯಿತು. ಖಾಲಿಯಾದ ಉಳಿತಾಯ ಮೊದಲು ತುಂಬಿಕೊಳ್ಳಲಿ ಎಂದು ನನಗೆ ನಾನೇ ಹೇಳಿಕೊಂಡೆ. ನವೆಂಬರಿನಲ್ಲಿ ಮತ್ತೆ 30,000 ಹಾಕಿ, “ಮೊದಲಿನ ಹಾಗೆ ಶುರು ಮಾಡಿದ್ದೇನೆ” ಎಂದು ಅವಳಿಗೆ ತಿಳಿಸಿದಾಗ ದೊಡ್ಡ ಮನಸ್ಸು ಮಾಡಿದವನ ಹೆಮ್ಮೆ ಇತ್ತು ನನಗೆ. ಕಡಿಮೆ ಹಾಕಿದ ತಿಂಗಳುಗಳ ಬಾಕಿಯ ಮಾತೇ ಎತ್ತಲಿಲ್ಲ. ಹೊಸ ಸಂಬಳ ಎಷ್ಟೆಂದೂ ಹೇಳಲಿಲ್ಲ.

ಈಗ ತಿರುಗಿ ನೋಡಿದರೆ ನನ್ನ ತಪ್ಪಿನ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಆದಾಯ ಇಳಿದಾಗ ಅದೇ ವಾರ ಫೋನ್ ಮಾಡಿದೆ. ಏರಿದಾಗ ತಿಂಗಳುಗಟ್ಟಲೆ ಸುಮ್ಮನಿದ್ದೆ. ಬರೀ ಮರೆವು ಆಗಿದ್ದರೆ ಎರಡೂ ಸಲ ಮರೆಯಬೇಕಿತ್ತು.

ಅವಳಿಗೆ ಗೊತ್ತಾಗಲು ಪತ್ತೇದಾರಿಕೆ ಬೇಕಾಗಲಿಲ್ಲ. ಇಬ್ಬರಿಗೂ ಪರಿಚಯದ ಒಬ್ಬರು ಲಿಂಕ್ಡ್‌ಇನ್ ಬರಹವನ್ನು ಅವಳಿಗೆ ಕಳಿಸಿದರು. 2024ರ ಆರಂಭದಲ್ಲಿ ನನಗೆ ಎರಡು ಕಾಗದ ಬಂದವು. ಒಂದು ದರ್ಖಾಸ್ತು, ಕರ್ನಾಟಕದ ಕೋರ್ಟುಗಳಲ್ಲಿ ಅಮಲ್ಜಾರಿ ಅರ್ಜಿ ಎನ್ನುವಂಥದ್ದು: ಫೆಬ್ರವರಿಯಿಂದ ಅಕ್ಟೋಬರ್‌ವರೆಗಿನ ಬಾಕಿ 1,35,000 ರೂಪಾಯಿ ವಸೂಲಿ ಮಾಡಿಕೊಡಿ ಎಂದು. ಇನ್ನೊಂದು, ಬದಲಾದ ಆದಾಯಕ್ಕೆ ತಕ್ಕಂತೆ ಮಗಳ ಜೀವನಾಂಶ ಹೆಚ್ಚಿಸಿ ಎಂಬ ಅರ್ಜಿ.

ಸ್ಕ್ರೀನ್‌ಶಾಟ್ ಹಿಡಿದುಕೊಂಡು ವಕೀಲೆಯ ಬಳಿ ಹೋದೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮರಾಠಿ ಹೆಂಗಸು. ಫೋನನ್ನು ಒಮ್ಮೆ ನೋಡಿ ಹಿಂದಕ್ಕೆ ಕೊಟ್ಟರು. “ಈ ‘ಓಕೆ’ಗೆ ನ್ಯಾಯಾಧೀಶರ ಸಹಿ ಇದೆಯೇ? ಇಲ್ಲವಲ್ಲ. ಹಾಗಾದರೆ ಆದೇಶ ಇದ್ದಲ್ಲೇ ಇದೆ,” ಎಂದರು. ಆಮೇಲೆ ಕೇಳಿದರು, “ಕೆಲಸ ಹೋದಾಗ ಯಾಕೆ ಬರಲಿಲ್ಲ? ಆಗ ಬಂದಿದ್ದರೆ ನಿಮ್ಮ ಕೇಸು ಗಟ್ಟಿ ಇತ್ತು.”

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹಿಂದೂ ವಿವಾಹ ಕಾಯ್ದೆಯ 25(2)ನೇ ಕಲಮಿನ ಪ್ರಕಾರ, ಜೀವನಾಂಶದ ಆದೇಶವಾದ ಮೇಲೆ ಇಬ್ಬರಲ್ಲಿ ಯಾರ ಪರಿಸ್ಥಿತಿ ಬದಲಾದರೂ, ಯಾರು ಬೇಕಾದರೂ ಕೋರ್ಟಿಗೆ ಹೋಗಿ ಅದನ್ನು ಹೆಚ್ಚಿಸಲು, ಇಳಿಸಲು, ರದ್ದು ಮಾಡಲು ಕೇಳಬಹುದು. ಮಕ್ಕಳ ವಿಷಯದಲ್ಲಿ 26ನೇ ಕಲಮು ಕೋರ್ಟಿಗೆ ಆಗಾಗ ಆದೇಶ ಬದಲಿಸುವ ಅಧಿಕಾರ ಕೊಟ್ಟಿದೆ. ಬದಲಿಸುವವರು ಕೋರ್ಟು, ಗಂಡನಲ್ಲ. ಬದಲಾವಣೆಯ ಲೆಕ್ಕ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಶುರುವಾಗುತ್ತದೆ, ಕೆಲಸ ಹೋದ ದಿನದಿಂದಲ್ಲ. ನಾನು ಫೆಬ್ರವರಿಯಲ್ಲೇ ಹೋಗಿ ಪರಿಹಾರದ ಮೊತ್ತವನ್ನೂ ಸಲಹೆಯ ಹಣವನ್ನೂ ಬಿಚ್ಚಿಟ್ಟಿದ್ದರೆ, ನಿಜವಾಗಿ ಕಷ್ಟವಿದ್ದ ತಿಂಗಳುಗಳಿಗಾದರೂ ರಿಯಾಯಿತಿ ಸಿಗಬಹುದಿತ್ತು. ಹೊಸ ಕೆಲಸ ಸಿಕ್ಕಿ, ಸಂಬಳ ಏರಿ, ದರ್ಖಾಸ್ತು ಬಂದ ಮೇಲೆ ಕಳೆದ ವರ್ಷದ ಕಷ್ಟ ಹೇಳಿಕೊಂಡು ಹೋದರೆ ಯಾರು ಕೇಳುತ್ತಾರೆ?

ಅಪ್ಪ ಅಂಧೇರಿಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಬಹಳ ವರ್ಷ ಕೂತವರು. ಅವರ ಉದ್ರಿ ಪುಸ್ತಕದಲ್ಲಿ ಗಿರಾಕಿ ಬಾಯಲ್ಲಿ ಏನು ಹೇಳಿದರೂ ಲೆಕ್ಕ ಅಲುಗಾಡುತ್ತಿರಲಿಲ್ಲ. ಪುಸ್ತಕದಲ್ಲಿ ಗೆರೆ ಎಳೆದರೆ ಮಾತ್ರ ಬಾಕಿ ಹೋದ ಹಾಗೆ. ಜೀವನಾಂಶದ ಆದೇಶವೂ ಅಂಥದ್ದೇ ಪುಸ್ತಕ, ಗೆರೆ ಎಳೆಯುವ ಪೆನ್ನು ನನ್ನ ಕೈಯಲ್ಲಿ ಇರಲಿಲ್ಲ.

ವಸೂಲಿಯ ದಾರಿಗಳನ್ನೂ ವಕೀಲೆ ಹೇಳಿದರು. ಸಂಬಳ ಜಪ್ತಿಯ ಆದೇಶ ಆದರೆ ಅದು ನೇರ ಕಂಪನಿಗೆ ಹೋಗುತ್ತದೆ. ಸಾಮಾನ್ಯ ಸಾಲದ ಡಿಕ್ರಿಯಲ್ಲಿ ಸಂಬಳದ ಬಹುಪಾಲಿಗೆ ರಕ್ಷಣೆ ಇದೆ. ಜೀವನಾಂಶದ ಡಿಕ್ರಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ನೌಕರನಿಗೆ ಉಳಿಸಿಕೊಡುವುದು ಸಂಬಳದ ಮೂರನೇ ಒಂದು ಭಾಗ ಮಾತ್ರ. ಹೆಂಡತಿ ಮಕ್ಕಳ ಊಟದ ಹಣವನ್ನು ಕಾನೂನು ಬೇರೆ ಸಾಲಗಳ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಆದೇಶ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಆಗಿದ್ದರಂತೂ, ಕೊಡದ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟು 1989ರಷ್ಟು ಹಿಂದೆಯೇ ಹೇಳಿದೆ.

ಇಷ್ಟಾದ ಮೇಲೂ ನನ್ನೊಳಗೊಬ್ಬ ವಾದ ಮಾಡುತ್ತಲೇ ಇದ್ದ. ಅವನ ಬಾಯಿ ಮುಚ್ಚಿಸಿದ್ದು ಅಫಿಡವಿಟ್ಟು.

ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು ಎಂಬ ನಿಯಮ ದೇಶಕ್ಕೆಲ್ಲ ಬಂದದ್ದು ಒಂದು ಮಹಾರಾಷ್ಟ್ರದ ಕೇಸಿನಿಂದ. ನಾಗಪುರದ ಫ್ಯಾಮಿಲಿ ಕೋರ್ಟಿನಲ್ಲಿ ಶುರುವಾದ ‘ರಜನೇಶ್ ವಿರುದ್ಧ ನೇಹಾ’ ಪ್ರಕರಣದಲ್ಲಿ ಮಧ್ಯಂತರ ಜೀವನಾಂಶದ ವಿಷಯವೇ ಏಳು ವರ್ಷ ಎಳೆದಾಡಿತ್ತು. 2020ರ ನವೆಂಬರ್ 4ರಂದು ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿ ಅವರ ಸುಪ್ರೀಂ ಕೋರ್ಟ್ ಪೀಠ ಆ ಕೇಸಿನ ನೆಪದಲ್ಲಿ ಇಡೀ ಪದ್ಧತಿಗೇ ಮಾರ್ಗಸೂಚಿ ಕೊಟ್ಟಿತು. ಅಫಿಡವಿಟ್ಟಿನ ನಮೂನೆಯನ್ನೂ ತೀರ್ಪಿಗೆ ಲಗತ್ತಿಸಿತು. ಕೃಷಿಕರಿಗೆ ಬೇರೆಯೇ ನಮೂನೆ ಇದೆ. ಕೇಸು ನಡೆಯುತ್ತಿರುವಾಗ ಆದಾಯ ಬದಲಾದರೆ ಪೂರಕ ಅಫಿಡವಿಟ್ ಕೊಡುವುದಕ್ಕೂ ಅದರಲ್ಲಿ ಅವಕಾಶವಿದೆ. ಸುಳ್ಳು ಬರೆದರೆ ಸುಳ್ಳು ಸಾಕ್ಷ್ಯದ ಮೊಕದ್ದಮೆ, ನ್ಯಾಯಾಲಯ ನಿಂದನೆ ಎರಡನ್ನೂ ಎದುರಿಸಬೇಕಾಗಬಹುದು.

ಆ ನಮೂನೆ ತುಂಬಲು ಕೂತಾಗ ಬ್ಯಾಂಕಿನ ಸ್ಟೇಟ್‌ಮೆಂಟು, ಫಾರ್ಮ್ 16, ಆದಾಯ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ವಿವರಣೆ ಎಲ್ಲ ಮೇಜಿನ ಮೇಲೆ ಹರಡಿದವು. ತೆರಿಗೆ ಇಲಾಖೆಯವರಿಗೆ ನನ್ನ ಗುಟ್ಟು ಯಾವುದೂ ಗುಟ್ಟಾಗಿರಲಿಲ್ಲ. ಪರಿಹಾರದ ಮೊತ್ತ ಬಂದ ತಾರೀಖು, ಸಲಹೆಯ ಹಣಕ್ಕೆ ಕಡಿದ ಟಿಡಿಎಸ್, ಠೇವಣಿಯ ಬಡ್ಡಿ, ಎಲ್ಲ ಸಾಲಾಗಿ ನಿಂತಿದ್ದವು. ಅದೇ ಸ್ಟೇಟ್‌ಮೆಂಟಿನಲ್ಲಿ, ‘ಕೈ ಬರಿದಾಗಿದ್ದ’ ಮೇ ತಿಂಗಳಲ್ಲಿ, ಗೋವಾದ ಹೋಟೆಲೊಂದಕ್ಕೆ ಕಟ್ಟಿದ ಹಣವೂ ಇತ್ತು. ಗೆಳೆಯರ ಜೊತೆ ಮನಸ್ಸು ಹಗುರ ಮಾಡಿಕೊಳ್ಳಲು ಹೋಗಿದ್ದೆ. ಅದರ ಎರಡು ಸಾಲು ಕೆಳಗೆ ಮಗಳ ಹೆಸರಿನಲ್ಲಿ ಹೋದ 12,500. ಅರ್ಧ ಮಾಡಿದ್ದು ನಾನೇ.

ಫ್ಯಾಮಿಲಿ ಕೋರ್ಟಿನಲ್ಲಿ ವಕೀಲರು ವಾದಿಸುವುದು ಕಕ್ಷಿಗಾರನ ಹಕ್ಕಲ್ಲ. 1984ರ ಕಾಯ್ದೆಯ 13ನೇ ಕಲಮಿನಂತೆ ಅದಕ್ಕೆ ಕೋರ್ಟಿನ ಅನುಮತಿ ಬೇಕು. ಹಾಗಾಗಿ ನ್ಯಾಯಾಧೀಶರು ಎಷ್ಟೋ ಸಲ ನೇರವಾಗಿ ನಮ್ಮನ್ನೇ ಕೇಳುತ್ತಾರೆ. ನನ್ನನ್ನು ಕೇಳಿದ್ದು ಇಷ್ಟೇ: ಹೆಂಡತಿಗೆ ಕೆಲಸ ಸಿಕ್ಕಾಗ ಮೊತ್ತ ಇಳಿಸಿಕೊಳ್ಳಲು ಇದೇ ಕೋರ್ಟಿಗೆ ಬಂದಿದ್ದಿರಿ, ಈಗ ಯಾಕೆ ಬರಲಿಲ್ಲ? ಉತ್ತರವಾಗಿ ನಾನು ಏನೋ ತೊದಲಿದೆ. ಅವರು ಬೈಯಲಿಲ್ಲ. ನಮ್ಮಿಬ್ಬರನ್ನೂ ಕೋರ್ಟಿನ ಸಮಾಲೋಚಕರ ಬಳಿ ಕಳಿಸಿದರು.

ಅಲ್ಲಿಯೇ ನನಗೆ ಆ ವರ್ಷದ ಇನ್ನೊಂದು ಅರ್ಧ ಗೊತ್ತಾಯಿತು. ಜೂನ್‌ನ ಫೀಸಿಗೆ ಅವಳು ಅಣ್ಣನ ಹತ್ತಿರ ಸಾಲ ಮಾಡಿದ್ದಳು. ಶಾಲೆ ಮುಗಿಸಿ ಬಂದು ಸಂಜೆ ಮನೆಯಲ್ಲಿ ಟ್ಯೂಷನ್ ಶುರು ಮಾಡಿದ್ದಳು. ಮಗಳ ಕೀಬೋರ್ಡ್ ಕ್ಲಾಸು ನಿಂತಿತ್ತು. ಅದು ನನಗೆ ಗೊತ್ತಿತ್ತು. ಮಗಳಿಗೇ ಬೇಜಾರಾಗಿ ಬಿಟ್ಟಳು ಎಂದುಕೊಂಡಿದ್ದೆ. “ನಿಮ್ಮ ಕಷ್ಟಕ್ಕೆ ನಾನು ಬೇಡ ಅಂದೆನೇ?” ಎಂದು ಅವಳ ತಾಯಿ ಸಮಾಲೋಚಕರ ಎದುರೇ ಕೇಳಿದಳು. “ಕೆಲಸ ಹೋದಾಗ ಸುಮ್ಮನಿದ್ದೆ. ಸಿಕ್ಕಿದ್ದನ್ನು ಬೇರೆಯವರ ಬಾಯಲ್ಲಿ ಕೇಳಬೇಕಾಯಿತಲ್ಲ, ಅದಕ್ಕೆ ಕೋರ್ಟಿಗೆ ಬಂದೆ.” ಅವಳ ‘ಓಕೆ’ ನನ್ನ ಲೆಕ್ಕದಲ್ಲಿ ಸಾಲಮನ್ನಾ ಆಗಿತ್ತು, ಅವಳ ಲೆಕ್ಕದಲ್ಲಿ ಸ್ವಲ್ಪ ಕಾಲದ ತಾಳ್ಮೆ.

1,35,000ವನ್ನು ಪೂರ್ತಿ ಕಟ್ಟಿದೆ. ಮಗಳ ಮೊತ್ತ ಅವಳ ತಾಯಿ ಅರ್ಜಿ ಹಾಕಿದ ತಿಂಗಳಿಂದ ಏರಿತು. ಹೊಸ ಒಪ್ಪಂದವನ್ನು ಈ ಸಲ ಬಿಡಿಸಿ ಬರೆಸಿದೆವು. ಆದಾಯವೆಂದರೆ ನಿಗದಿತ ಸಂಬಳ, ವೇರಿಯಬಲ್ ಪೇ, ಬೋನಸ್, ಕೈಗೆ ಹಣವಾಗಿ ಬಂದ ಇಸಾಪ್, ಸಲಹೆಯ ಗಳಿಕೆ, ಕೆಲಸ ಬಿಟ್ಟಾಗ ಸಿಗುವ ಪರಿಹಾರ, ಎಲ್ಲವೂ. ಪ್ರತಿ ವರ್ಷ ಫಾರ್ಮ್ 16 ಕೈಗೆ ಬಂದ ಮೇಲೆ ಇಬ್ಬರೂ ಪ್ರತಿಗಳನ್ನು ಅದಲು ಬದಲು ಮಾಡಿಕೊಳ್ಳಬೇಕು. ಹೆಚ್ಚಳದ ಲೆಕ್ಕದ ಸೂತ್ರವೂ ಒಪ್ಪಂದದಲ್ಲೇ ಇದೆ.

ಆದಾಯ ಹೆಚ್ಚಾದಷ್ಟೂ ಜೀವನಾಂಶ ಅದೇ ಪ್ರಮಾಣದಲ್ಲಿ ಏರಲೇಬೇಕು ಎಂದೇನೂ ಇಲ್ಲ. ಬಂಗಾಳದ ಒಂದು ಕೇಸಿನಲ್ಲಿ, ಗಂಡನ ಸಂಬಳ ಏರಿತೆಂದು ಕಲ್ಕತ್ತಾ ಹೈಕೋರ್ಟು 16,000ವನ್ನು 23,000ಕ್ಕೆ ಏರಿಸಿತ್ತು. ನಿವ್ವಳ ಸಂಬಳದ ಶೇ. 25 ನ್ಯಾಯವಾದದ್ದೇ ಎಂದ ಸುಪ್ರೀಂ ಕೋರ್ಟು, 2017ರಲ್ಲಿ, ಆತನಿಗೆ ಮರುಮದುವೆಯಾಗಿ ಮಗುವೂ ಇದ್ದುದನ್ನು ಗಮನಿಸಿ 20,000ಕ್ಕೆ ನಿಲ್ಲಿಸಿತು. ಕೋರ್ಟು ಕೊಡುವವನ ಮನೆಯನ್ನೂ ನೋಡುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ, ಆದರೆ ಆ ಮನೆಯ ಲೆಕ್ಕವನ್ನು ಅವನು ಕೋರ್ಟಿನ ಮುಂದೆ ಇಟ್ಟಿರಬೇಕು.

ಬೇರೆ ದೇಶಗಳಲ್ಲಿ ಈ ಕೆಲಸಕ್ಕೆ ಕಚೇರಿಗಳಿವೆ. ಬ್ರಿಟನ್ನಿನ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್ ಕೊಡುವವರ ಆದಾಯದ ವಿವರವನ್ನು ತೆರಿಗೆ ಇಲಾಖೆಯಿಂದಲೇ ತರಿಸಿಕೊಂಡು ವರ್ಷಕ್ಕೊಮ್ಮೆ ಲೆಕ್ಕ ನೋಡುತ್ತದೆ. ನಡುವೆ ಆದಾಯ ಶೇ. 25ರಷ್ಟು ಏರುಪೇರಾದರೆ ಮತ್ತೆ ಲೆಕ್ಕ ಹಾಕುತ್ತದೆ. ಅಮೆರಿಕದಲ್ಲಿ 1986ರ ಕಾನೂನೊಂದು, ಮಕ್ಕಳ ಜೀವನಾಂಶದ ಕಂತಿನ ದಿನ ದಾಟಿತೆಂದರೆ ಅದನ್ನು ಹಿಂದಕ್ಕೆ ಹೋಗಿ ಕಡಿಮೆ ಮಾಡಲು ಕೋರ್ಟಿಗೂ ಬಿಡುವುದಿಲ್ಲ. ಅರ್ಜಿಯ ನೋಟಿಸು ಕೊಟ್ಟ ದಿನದಿಂದ ಮುಂದಿನದಕ್ಕಷ್ಟೇ ದಾರಿ. ಅಲ್ಲಿ ಕೆಲಸ ಕಳೆದುಕೊಳ್ಳುವ ನಮ್ಮ ಹುಡುಗರು ಇದನ್ನು ಮೊದಲ ವಾರವೇ ತಿಳಿದುಕೊಳ್ಳಬೇಕು. ನಮ್ಮಲ್ಲಿ ಆದಾಯದ ಮೇಲೆ ಕಣ್ಣಿಡುವ ಅಂಥ ಕಚೇರಿ ಇಲ್ಲ. ಆದ್ದರಿಂದ ಹೇಳುವ ಭಾರ ಪೂರ್ತಿ ನಮ್ಮ ಮೇಲೆಯೇ ಇದೆ, ತಪ್ಪಿಸಿಕೊಳ್ಳುವ ಆಸೆಯೂ ಅಲ್ಲಿಂದಲೇ ಹುಟ್ಟುತ್ತದೆ.

ಕೆಲಸ ಹೋದ ಗೆಳೆಯರು ಈಗ ನನ್ನನ್ನು ಕೇಳುತ್ತಾರೆ. ಮೊದಲು ನಿಮ್ಮ ಆದೇಶ ಯಾವ ಕಾಯ್ದೆಯಡಿ ಇದೆ ನೋಡಿ ಎನ್ನುತ್ತೇನೆ. ಹಿಂದೂ ವಿವಾಹ ಕಾಯ್ದೆಯದಾದರೆ 25(2) ಮತ್ತು 26. ಹಳೆಯ 125ನೇ ಕಲಮಿನದಾದರೆ ಬದಲಾವಣೆಗೆ ಹಿಂದೆ 127 ಇತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146. ಕೌಟುಂಬಿಕ ದೌರ್ಜನ್ಯ ಕಾಯ್ದೆಯದಾದರೆ 25(2). ಆದೇಶ ಕೊಟ್ಟ ಕೋರ್ಟಿನಲ್ಲೇ ಅರ್ಜಿ ಹಾಕಿ, ಕೆಲಸ ಹೋದ ಪತ್ರವನ್ನೂ ಕೈಗೆ ಬಂದ ಪರಿಹಾರದ ಲೆಕ್ಕವನ್ನೂ ಒಟ್ಟಿಗೇ ಇಡಿ. ತೀರ್ಮಾನ ಆಗುವವರೆಗೆ ಪೂರ್ತಿ ಹಾಕಲು ಸಾಧ್ಯವಿದ್ದರೆ ಪೂರ್ತಿ ಹಾಕಿ. ಆಗದಿದ್ದರೆ ಆಗುವಷ್ಟು ಹಾಕಿ, ಉಳಿದದ್ದು ಬಾಕಿ ಎಂದು ನೀವೇ ಬರೆದಿಟ್ಟುಕೊಳ್ಳಿ. ಇಬ್ಬರೂ ಒಪ್ಪಿದ್ದರೆ ಇನ್ನೂ ಸುಲಭ, ಜಂಟಿ ಅರ್ಜಿ ಹಾಕಿ. ಇಷ್ಟನ್ನು ಎಲ್ಲರೂ ಗಮನವಿಟ್ಟು ಕೇಳುತ್ತಾರೆ. ಹೊಸ ಕೆಲಸ ಸಿಕ್ಕಾಗಲೂ ಇಷ್ಟೇ ಬೇಗ ಹೇಳಿ ಎಂದಾಗ ಮಾತ್ರ ಹೆಚ್ಚಿನವರು ವಿಷಯ ಬದಲಿಸುತ್ತಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಕಳೆದ ವರ್ಷ ಸಂಬಳ ಮತ್ತೆ ಏರಿತು. ಪತ್ರ ಬಂದ ದಿನವೇ ಪ್ರತಿಯನ್ನು ಅವಳಿಗೆ ಕಳಿಸಿ, ಒಪ್ಪಂದದ ಸೂತ್ರದಂತೆ ಮಗಳ ಮೊತ್ತ ಎಷ್ಟಾಗುತ್ತದೆಂದು ಕೆಳಗೆ ಬರೆದೆ. ಎರಡು ಮೆಚ್ಚುಗೆಯ ಮಾತು ಬರಬಹುದೆಂಬ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಸಂಜೆ ಉತ್ತರ ಬಂತು: “ಲೆಕ್ಕದಲ್ಲಿ ವೇರಿಯಬಲ್ ಪೇ ಸೇರಿಸಿಲ್ಲ ನೀವು. ನೋಡಿ.” ನೋಡಿದೆ. ಸೇರಿಸಿರಲಿಲ್ಲ.